ವೆರ್ಲಿನ್‌ನ ಕೆಂಪು ಕೀಲಿ

ನನ್ನ ತಮ್ಮ ವೆರ್ಲಿನ್ ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದ. ಬಸ್ಸಿಗೆ ಒಂದು ಗೀರೂ ಬೀಳಲಿಲ್ಲ. ಅವನ ಬದುಕಿನಲ್ಲಿ ಮೆಚ್ಚುವಂಥದ್ದು ಅದೊಂದೇ. ಅದನ್ನು ಅವನು ಎಂದೂ ಹೇಳಿಕೊಳ್ಳಲಿಲ್ಲ. ಕೊಚ್ಚಿಕೊಂಡದ್ದೆಲ್ಲ ಬೇರೆಯವರು ಮಾಡಿದ ಎಂಜಿನ್‌ಗಳ ಬಗ್ಗೆ.

ಮಿಶಿಗನ್‌ನ ನಮ್ಮೂರಿನಲ್ಲಿ ಬೇಸಿಗೆಯ ಶನಿವಾರ ಸಂಜೆ ಗಂಡಸರು ಹ್ಯಾಂಬರ್ಗರ್ ಅಂಗಡಿಯ ಮುಂದೆ ಕಾರು ನಿಲ್ಲಿಸಿ, ಬಾನೆಟ್ ಎತ್ತಿ, ಮಡಚು ಕುರ್ಚಿ ಹಾಕಿ ಕೂರುತ್ತಾರೆ. ಎಲ್ಲರದೂ ಒಂದೇ ಮಾದರಿಯ ಕಾರು, ಎಂಜಿನ್ ಮಾತ್ರ ಮೂರು ಬಗೆ. ಆರು ಸಿಲಿಂಡರಿನದಕ್ಕೆ ಮುನ್ನೂರು ಕುದುರೆಗಳ ಬಲ, ಎಂಟರದಕ್ಕೆ ಹತ್ತಿರಹತ್ತಿರ ಐನೂರು, ಅದೇ ಎಂಟಕ್ಕೆ ಗಾಳಿ ತುರುಕುವ ಯಂತ್ರ ಕೂರಿಸಿದರೆ ಏಳುನೂರು. ಇದು ಅವರ ಜಾತಿಪದ್ಧತಿ. ಆರರವನ ಬಾನೆಟ್ಟಿನೊಳಗೆ ಯಾರೂ ಇಣುಕುವುದಿಲ್ಲ.

"ಅದು ತರಕಾರಿ ಗಾಡಿ ಕಣಯ್ಯಾ" ಎನ್ನುವವರಲ್ಲಿ ವೆರ್ಲಿನ್ ಮೊದಲಿಗ.

ನಿವೃತ್ತನಾದ ಮೇಲೆ ಏಳುನೂರರದ್ದನ್ನೇ ತಂದ. ಅದಕ್ಕೆ ಎರಡು ಕೀಲಿ. ಕಪ್ಪು ಕೀಲಿಯಲ್ಲಿ ಎಂಜಿನ್ ಐನೂರಕ್ಕೇ ನಿಲ್ಲುತ್ತದೆ, ಕೆಂಪಿನಲ್ಲಿ ಪೂರ್ತಿ. ಅವನ ಹೆಂಡತಿ ನಡೀನ್ ಒಂದೇ ಷರತ್ತು ಹಾಕಿದಳು: ಊರೊಳಗೆ ಕೆಂಪು ಕೀಲಿ ತಿರುಗಿಸಿದ ದಿನವೇ ಕಾರು ಮಾರಾಟ. ಆ ಕೀಲಿಯನ್ನು ಹಿಟ್ಟಿನ ಡಬ್ಬಿಯಲ್ಲಿ ಹೂತಿಟ್ಟಳು.

ಎಂಟು ಸಿಲಿಂಡರಿನ ಮಧ್ಯಮ ಜಾತಿಯವನೊಬ್ಬನಿದ್ದ, ಕ್ಯಾಸ್ ವೊಯ್ಚಿಕ್. ಒಂದು ಶನಿವಾರ ಅವನು ವೆರ್ಲಿನ್‌ನನ್ನು ಕೆಣಕಿದ.

"ಯಾವ ಕೀಲಿ ತಂದಿದೀಯಪ್ಪಾ? ತೋರ್ಸು."

"ಕಪ್ಪು."

"ಹಂಗಾದ್ರೆ ನಿಂದೂ ನಂದೂ ಒಂದೇ. ಉಳಿದ ಕುದುರೆಗಳು ನಿನ್ ಹೆಂಡ್ತಿ ಹತ್ರ ಮೇಯ್ತಿವೆ."

ಬಾಯಿಗೆಲ್ಲ ಬರ್ಗರಿನ ಸಾಸಿವೆ ಗೊಜ್ಜು ಮೆತ್ತಿಕೊಂಡು ಎಲ್ಲರೂ ನಕ್ಕರು. ಮೊಮ್ಮಕ್ಕಳಿರುವ ವೆರ್ಲಿನ್ ಇಷ್ಟಕ್ಕೆ ವಾರವಿಡೀ ನಿದ್ದೆಗೆಟ್ಟ.

ಮುಂದಿನ ಶನಿವಾರ ಕೆಂಪು ಕೀಲಿ ಕದ್ದು ತಂದ. ಹೊರಡುವಾಗ ಕುರ್ಚಿಗಳ ಸಾಲಿನ ಮುಂದೆ ಹಿಂದಿನ ಚಕ್ರಗಳನ್ನು ನಿಂತಲ್ಲೇ ಗಿರ್ರನೆ ತಿರುಗಿಸಿ ಹೊಗೆ ಎಬ್ಬಿಸಬೇಕು. ಅಲ್ಲಿ ಅದೇ ವಿದಾಯ. ವೆರ್ಲಿನ್ ಎಬ್ಬಿಸಿದ. ಕಾರು ಅಡ್ಡಡ್ಡ ಜಾರಿ ದೀಪದ ಕಂಬವನ್ನು ತಬ್ಬಿತು. ಯಾರಿಗೂ ಪೆಟ್ಟಾಗಲಿಲ್ಲ, ಎಲ್ಲರೂ ಫೋನು ಮೇಲೆತ್ತಿ ವಿಡಿಯೊ ಹಿಡಿಯುತ್ತಿದ್ದರು.

ನಡೀನ್ ತನ್ನ ನಾಲ್ಕು ಸಿಲಿಂಡರಿನ ಪುಟ್ಟ ಕಾರಿನಲ್ಲಿ ಬಂದಳು.

"ರಸ್ತೆ ಜಾರ್ತಿತ್ತು ಕಣೇ" ಎಂದ.

"ತೋಳಿಗೆಲ್ಲ ಹಿಟ್ಟು ಮೆತ್ತಿದೆ. ಒರೆಸ್ಕೊಂಡು ಹತ್ತು."

"ಹತ್ತಪ್ಪಾ, ತರಕಾರಿ ಗಾಡಿ ಬಂದಿದೆ" ಎಂದ ಕ್ಯಾಸ್.

ಕಾರು ದುರಸ್ತಿಯಾಗುವಂತಿತ್ತು. ಆದರೆ ನಡೀನ್ ಆಡಿದ ಮಾತಿಗೆ ತಪ್ಪುವವಳಲ್ಲ; ಇದ್ದ ಹಾಗೇ ಮಾರಿಸಿದಳು. ಕೊಂಡವನಿಗೆ ವೆರ್ಲಿನ್ ಕಪ್ಪು ಕೀಲಿ ಕೊಟ್ಟು, ಕೆಂಪು ಕಳೆದುಹೋಗಿದೆ ಎಂದು ಸುಳ್ಳು ಹೇಳಿದ.

ಈಗಲೂ ಶನಿವಾರ ಹೋಗುತ್ತಾನೆ. ಎರಡು ಕಾರುಗಳ ನಡುವೆ ಕುರ್ಚಿ ಹಾಕಿ, ಸೊಂಟಕ್ಕೆ ಕೆಂಪು ಕೀಲಿ ತೂಗುಬಿಟ್ಟು, ಯಾವ ಎಂಜಿನ್ನಿಗೆ ಎಷ್ಟು ಬಲವೆಂದು ಹೊಸಬರಿಗೆ ಪಾಠ ಮಾಡುತ್ತಾನೆ. ಅವರು ಕೇಳುತ್ತಾರೆ. ಆ ಅಂಗಳದಲ್ಲಿ ಏಳುನೂರು ಕುದುರೆಗಳನ್ನೂ ಬಿಚ್ಚಿಬಿಟ್ಟವನು ಅವನೊಬ್ಬನೇ ಎಂದು ಕ್ಯಾಸ್ ತನ್ನ ಆಲೂ ಚಿಪ್ಸನ್ನು ಅವನತ್ತ ತಳ್ಳುತ್ತಾನೆ.

"ಏಳುನೂರೂ ಎದ್ದು ಓಡಿದ್ವು, ಅಕ್ಕಾ" ಎಂದು ನನಗೂ ಹೇಳಿದ.

"ಎಲ್ಲೀತನಕ?" ಎಂದೆ.

"ಕಂಬದ ತನಕ."