ಶೋರೂಮಿನ ಗೇಟು ದಾಟದ ನನ್ನ ಕಾರು

ಗೆಳೆಯರೇ, ನನ್ನ ಕಾರಿಗೆ ಬೆಂಕಿ ಹತ್ತುವ ಸಂಭವವಿದೆಯಂತೆ. ರಿಪೇರಿಗೆ ತನ್ನಿ ಎಂದು ಇಂದು ಬೆಳಿಗ್ಗೆ ಕಂಪನಿಯಿಂದ ಫೋನ್ ಬಂತು. ಇದು ಮೂರನೆಯ ಸಲ. ಹಿಂದಿನ ಎರಡು ಸಲವೂ "ಇನ್ನು ಚಿಂತೆಯಿಲ್ಲ" ಎಂದೇ ಕಳಿಸಿದ್ದರು.

"ಹೆಂಗ ತರ್ಲಿರಿ?" ಎಂದು ಕೇಳಿದೆ.

"ಓಡಿಸಿಕೊಂಡೇ ಬನ್ನಿ ಸರ್."

ಕಲಬುರಗಿಗೆ ತಂಗಿಯ ಮನೆಗೆ ಹೊರಟಿದ್ದ ಹೆಂಡತಿ ಕಾರು ಹತ್ತಲಿಲ್ಲ. "ನೀವು ಇದ್ರಾಗ ಹೋಗ್ರಿ, ನಾ ಬಸ್ಸಿಗೆ ಬರ್ತೇನಿ. ಮಕ್ಕಳಿಗೆ ಒಬ್ಬರರೆ ಇರಬೇಕಲ್ರಿ," ಎಂದು ಅಫಜಲಪುರದ ಬಸ್ ನಿಲ್ದಾಣದತ್ತ ನಡೆದಳು.

ದಾರಿಯುದ್ದಕ್ಕೂ ಸುಟ್ಟ ವಾಸನೆ ಬರುತ್ತಿದೆಯೇ ಎಂದು ಮೂಗು ಅರಳಿಸುತ್ತಲೇ ಕಲಬುರಗಿ ಮುಟ್ಟಿದೆ. ಶೋರೂಮಿನ ಗೇಟಿನಲ್ಲಿ ಕಾವಲುಗಾರ ಅಡ್ಡ ಬಂದ.

"ಈ ಗಾಡಿ ಒಳಗ ಬಿಡಂಗಿಲ್ರಿ, ದೂರ ನಿಲ್ಲಸ್ರಿ. ಒಳಗ ಹೊಸ ಗಾಡಿ ಅದಾವು, ಬೆಂಕಿ ಹತ್ತಿದ್ರ ಹೆಂಗ್ರಿ?"

ಆ ಕಂಪನಿಯಲ್ಲಿ ನಾನು ನಂಬುವ ಮನುಷ್ಯ ಈಗ ಅವನೊಬ್ಬನೇ.