ಮೇಲಿನ ಮನೆಯ ಮ್ಯಾಡಮ್ಮರ ಪಾಠ

ಮಿರಜದಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದ ಮ್ಯಾಡಮ್ ನರ್ಸಿಂಗ್ ಕಾಲೇಜಿನಲ್ಲಿ ಕಲಿಸುತ್ತಿದ್ದರು. ಕರ್ನಾಟಕದ ಕಡೆಯಿಂದ ಬಂದ ಹುಡುಗಿಯರಿಗೆಂದು, ಟ್ಯಾಬಿನಲ್ಲಿ ಮುಟ್ಟಿ ಉತ್ತರಿಸುವ ಪಾಠಗಳನ್ನು ಕನ್ನಡದಲ್ಲಿ ತಾವೇ ಮಾಡುತ್ತಿದ್ದರು. ದನಿಯೂ ಅವರದೇ. ಕಾಲೇಜಿಗೆ ಒಯ್ಯುವ ಮೊದಲು ನನ್ನ ಅಡುಗೆಮನೆಗೆ ತರುವರು.

"ವೈನಿ, ನಿಮಗ ತಿಳೀತಂದ್ರ ಎಲ್ಲಾರಿಗೂ ತಿಳೀತದ," ಎಂದು, ನನ್ನನ್ನು ಅತ್ತಿಗೆಯೆಂದೇ ಕರೆಯುವ ಸಲಿಗೆಯಲ್ಲಿ ನಗುವರು. ನಾನು ತಪ್ಪು ಒತ್ತಿದರೆ, "ಗಡಬಡ ಬ್ಯಾಡ್ರಿ, ಮತ್ತೊಮ್ಮೆ ನೋಡ್ರಿ." ಟ್ಯಾಬಿನಲ್ಲೂ ಅದೇ ಮಾತು, ಎದುರಿಗೂ ಅದೇ.

ಅಂದು ಕೊರಳಿನ ಥೈರಾಯ್ಡ್ ಗಂಟನ್ನು ಗುರುತಿಸುವ ಪಾಠ. ಪರದೆಯ ಹೆಂಗಸು ನೀರು ನುಂಗಿದಳು. "ಗಂಟು ಏರಿ ಇಳೀತೇನ್ರಿ?" ಎಂದು ಟ್ಯಾಬ್ ಕೇಳಿತು. ಉತ್ತರ ಒತ್ತುವ ಮೊದಲು ತಲೆಯೆತ್ತಿದೆ. ಮ್ಯಾಡಮ್ ಚಹಾವನ್ನು ಬಶಿಗೆ ಸುರಿದುಕೊಂಡು ಕುಡಿಯುತ್ತಿದ್ದರು. ಕರಿಮಣಿಯ ಮೇಲೆ, ಅವರ ಕೊರಳಿನಲ್ಲೂ ಅಂಥದೇ ಒಂದು ಏರಿ ಇಳಿಯಿತು.

"ಮ್ಯಾಡಮ್, ನಿಮಗೂ ಅದ ರೀ."

"ಚೇಷ್ಟಿ ಮಾಡ್ತೀರೇನ್ ವೈನಿ?"

ನಾನು ನಗಲಿಲ್ಲ. ಅವರ ಕೈ ಕೊರಳಿಗೆ ಹೋಗಿ ಅಲ್ಲೇ ನಿಂತಿತು. "ಗಡಬಡ ಬ್ಯಾಡ್ರಿ," ಎಂದರು, ದನಿಯೇ ಇಲ್ಲದ ಹಾಗೆ. "ಮತ್ತೊಮ್ಮೆ ನೋಡ್ರಿ."

ಕೈ ತೆಗೆದು ಇನ್ನೊಂದು ಗುಟುಕು ನುಂಗಿದರು. ನೋಡಿದೆ. ಗಂಟು ಮತ್ತೆ ಏರಿ ಇಳಿಯಿತು. ಟ್ಯಾಬಿನಲ್ಲಿ 'ಹೌದು' ಎಂಬುದರ ಮೇಲೆ ಬೆರಳಿಟ್ಟೆ.

"ಶಾಬಾಸ್!" ಎಂದಿತು ಒಳಗಿನ ಅವರದೇ ದನಿ, ಖುಷಿಯಿಂದ. "ಬರೋಬ್ಬರಿ ಹಿಡದ್ರಿ!"