ತಂಬಿಟ್ಟಿನ ಹದದ ಮಣ್ಣು

ಮಣ್ಣಿನ ಮೇಲೆ ನನಗೆ ಗೌರವ ಹುಟ್ಟಿದ್ದು ನಿವೃತ್ತಿಯಾದ ಮೇಲೆ ಎಂದು ಹೇಳಿಕೊಳ್ಳಲು ಸಂಕೋಚವಾಗುತ್ತದೆ. ಅರಸೀಕೆರೆ-ಬೇಲೂರು ಬಸ್ಸಿನಲ್ಲಿ ಕಂಡಕ್ಟರಾಗಿದ್ದಷ್ಟು ಕಾಲ ಮಣ್ಣೆಂದರೆ ನನ್ನ ಪಾಲಿಗೆ ಬೇಸಿಗೆಯಲ್ಲಿ ಧೂಳು, ಮಳೆಗಾಲದಲ್ಲಿ ಕೆಸರು. ನನ್ನ ಹೆಂಡತಿ ಜಯಮ್ಮ ಮಾತ್ರ ಖಾಕಿ ಷರ್ಟಿನ ಕಾಲರು ಉಜ್ಜುತ್ತಾ, "ಇವತ್ತು ಅರಸೀಕೆರೆ ಕಡೆ ಜಾಸ್ತಿ ಓಡಾಡಿದ್ರಾ? ಕೆಂಪು ಹೋಗ್ತಾನೇ ಇಲ್ಲ" ಎನ್ನುತ್ತಿದ್ದಳು. ಮಣ್ಣಿನ ಜ್ಞಾನ ನಮ್ಮ ಮನೆಯಲ್ಲಿ ಯಾರ ಕಡೆಗಿದೆ ಎಂದು ನನಗೆ ಆಗಲೇ ತಿಳಿಯಬೇಕಿತ್ತು.

ನಮ್ಮ ಮಾತಿಗೂ ಮಣ್ಣೆಂದರೆ ಸಸಾರ. ಕೆಲಸಕ್ಕೆ ಬಾರದ್ದು ಮಣ್ಣಾಂಗಟ್ಟಿ, ಕೆಟ್ಟುಹೋದದ್ದು ಮಣ್ಣುಪಾಲು, ದಡ್ಡನಿಗೆ ಒಂದು ಮಣ್ಣೂ ಗೊತ್ತಿಲ್ಲ. ಇವನ್ನೆಲ್ಲ ನಾನು ಪ್ರಯಾಣಿಕರ ಮೇಲೆ ಧಾರಾಳವಾಗಿ ಪ್ರಯೋಗಿಸಿದ್ದೇನೆ. ಅವರೆಲ್ಲರ ಪರವಾಗಿ ಒಂದು ಮಲ್ಲಿಗೆ ಗಿಡ ನನಗೆ ಉತ್ತರ ಕೊಟ್ಟಿತು.

ಹಳೇಬೀಡಿನ ನಮ್ಮ ಮನೆಯ ಮುಂದೆ ಚಾಪೆಯಗಲದ ಜಾಗವಿದೆ. ನಾನು ನಿವೃತ್ತಿಯಾದ ವರ್ಷ ಹುಲಿಕೆರೆಯಲ್ಲಿ ಅತ್ತೆ ತೀರಿಕೊಂಡರು. ಭಾವಮೈದುನರು ಹಿತ್ತಿಲು ತೆಗೆದು ಕೋಣೆ ಕಟ್ಟಲು ಹೊರಟಾಗ ಜಯಮ್ಮ ಅಲ್ಲಿದ್ದ ಮಲ್ಲಿಗೆಯ ಬೇರುಬಿಟ್ಟ ಕಡ್ಡಿಯೊಂದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಳು. "ಇದೂ ಹೋದ್ರೆ ಅಮ್ಮನ ಹಿತ್ತಿಲದ್ದು ಅಂತ ಇನ್ನೇನೂ ಉಳಿಯಲ್ಲ ಕಣ್ರೀ" ಎಂದಳು. ನಾನು ಅಭಯ ಕೊಟ್ಟೆ.

ಆಗ ಬೇಸಿಗೆ. ರೈತರು ಕೆರೆಯ ಗೋಡನ್ನು, ಅಂದರೆ ತಳದ ಹೂಳನ್ನು, ಟ್ರ್ಯಾಕ್ಟರಿನಲ್ಲಿ ತುಂಬಿ ಹೊಲಗಳಿಗೆ ಹೊಡೆಯುತ್ತಿದ್ದರು. ಅವರು ತೆಳ್ಳಗೆ ಹರಡಿಯೇ ಅಷ್ಟು ಬೆಳೆಯುತ್ತಾರೆ, ಗಿಡವನ್ನು ಪೂರಾ ಗೋಡಿನಲ್ಲೇ ಕೂರಿಸಿದರೆ ಹೇಗಿದ್ದೀತು ಎಂದು ಲೆಕ್ಕ ಹಾಕಿದೆ. ಇದ್ದ ಕೆಂಪು ಗರಸು ಮಣ್ಣನ್ನು ಗೋಡೆಯ ಪಕ್ಕಕ್ಕೆ ಎಳೆದು, ಬೆಣ್ಣೆಯಂಥ ಕಪ್ಪು ಗೋಡು ತುಂಬಿ, ಕಡ್ಡಿ ನೆಟ್ಟು, ಕಾಲಿನಲ್ಲಿ ತುಳಿದು ಗಟ್ಟಿಮಾಡಿದೆ. ಅದು ಬಿಸಿಲಿಗೆ ಒಡೆದ ಹಿಮ್ಮಡಿಯಾಯಿತು, ನೀರು ಹಾಕಿದರೆ ಬಾನಿಯಂತೆ ಹಿಡಿದುಕೊಂಡಿತು. ಎಲೆ ಹಳದಿಗಟ್ಟಿದಾಗ ಬಾಯಾರಿರಬೇಕೆಂದು ಇನ್ನಷ್ಟು ನೀರು ಸುರಿದೆ.

ಬಸದಿ ರಸ್ತೆಯಲ್ಲಿ ದಿನಸಿ ಅಂಗಡಿಯಿಟ್ಟಿರುವ ಪದ್ಮರಾಜಯ್ಯ ನನ್ನ ಹೈಸ್ಕೂಲು ಸಹಪಾಠಿ. ನೋಡಿ, "ಏನ್ಲಾ, ಗಿಡ ನೆಟ್ಟಿದ್ದೀಯೋ ಸಮಾಧಿ ಕಟ್ಟಿದ್ದೀಯೋ?" ಎಂದ. ಜಯಮ್ಮ ನಗಲಿಲ್ಲ. "ಸೀಟಿ ಊದೋದು ಬಿಟ್ರೆ ನಿಮಗೆ ಒಂದು ಮಣ್ಣೂ ಗೊತ್ತಿಲ್ಲ" ಎಂದು ಒಳಗೆ ಹೋದಳು. ಬೈಗುಳವಾಗಿದ್ದರೆ ಎದುರು ಹೇಳಬಹುದಿತ್ತು. ಇದು ಬರೀ ನಿಜ.

ಪಶ್ಚಾತ್ತಾಪದಿಂದ ರೇಡಿಯೊದ ಕೃಷಿ ಕಾರ್ಯಕ್ರಮಕ್ಕೆ ಕಿವಿ ಕೊಡತೊಡಗಿದೆ. ಅದು ಹೇಳಿದ್ದನ್ನು ಬಸ್ಸಿನ ಭಾಷೆಗೆ ತಂದುಕೊಂಡ ಮೇಲೆಯೇ ನನಗೆ ಅರ್ಥವಾದದ್ದು. ಜೇಡಿಮಣ್ಣು ಸಂತೆ ದಿನದ ಬಸ್ಸು. ಹತ್ತಿದವರು ಇಳಿಯುವಂತಿಲ್ಲ, ಗಾಳಿಯಾಡುವಂತಿಲ್ಲ. ಮರಳುಮಣ್ಣು ಖಾಲಿ ಬಸ್ಸು. ನೀರು ಈ ಬಾಗಿಲಲ್ಲಿ ಹತ್ತಿ ಆ ಬಾಗಿಲಲ್ಲಿ ಇಳಿದುಹೋಗುತ್ತದೆ. ಒಳ್ಳೆಯ ಮಣ್ಣಿನಲ್ಲಿ ಸೀಟು ತುಂಬಿರಬೇಕು, ಕಂಡಕ್ಟರು ಓಡಾಡಲು ದಾರಿಯೂ ಇರಬೇಕು. ಒದ್ದೆ ಮಣ್ಣನ್ನು ಮುಷ್ಟಿಯಲ್ಲಿ ಹಿಚುಕಿದರೆ ಯಾವ ಮಣ್ಣೆಂದು ತಿಳಿಯುತ್ತದಂತೆ. ನಾನು ಹಿಚುಕಿ ಹಿಚುಕಿ ಗೊಂದಲಕ್ಕೆ ಬಿದ್ದದ್ದನ್ನು ಕಂಡು ಜಯಮ್ಮ ಸೆರಗು ಸಿಕ್ಕಿಸಿ ಕೂತಳು.

"ಇದು ಮುದ್ದೆ ಕಣ್ರೀ. ತಂಬಿಟ್ಟಿನ ಹದ ಬರ್ಬೇಕು. ಹಿಡಿದ್ರೆ ಉಂಡೆ ಕಟ್ಬೇಕು, ಬೆರಳು ಒತ್ತಿದ್ರೆ ಉದುರ್ಬೇಕು."

ಗಿಡ ಎತ್ತಿ, ಕೊಳೆತ ಬೇರು ಕತ್ತರಿಸಿದೆವು. ಮುಕ್ಕಾಲು ಪಾಲು ಗೋಡು ತೆಗೆದು, ಓಡಿಸಿದ್ದ ಕೆಂಪು ಮಣ್ಣನ್ನು ಮರ್ಯಾದೆಯಿಂದ ವಾಪಸು ಕರೆದೆ. ಒಂದಿಷ್ಟು ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸೇರಿಸಿದೆವು. ನಾನು ಕಲೆಸುವುದು, ಅವಳು ಉಂಡೆ ಕಟ್ಟಿ ನೋಡುವುದು. "ಇನ್ನೂ ಜಿಗುಟು", "ಈಗ ಪುಡಿಪುಡಿ", ಕೊನೆಗೆ "ಹ್ಞೂಂ, ಸಾಕು".

ಹದ ಬಂದರೂ ಜಗಳ ಮುಗಿಯಲಿಲ್ಲ. ಮಣ್ಣಿಗೆ ತರಗೆಲೆ ಹೊದಿಸಬೇಕೆಂದಿತು ರೇಡಿಯೊ. ಬೆಳಗಾಗುತ್ತಲೇ ಗಿಡದ ಬುಡದವರೆಗೂ ಗುಡಿಸಿ ನುಣ್ಣಗೆ ಮಾಡುವುದು ಜಯಮ್ಮನ ನೇಮ.

"ಬಾಗಿಲ ಮುಂದೆ ಕಸ ಬಿಟ್ಕೊಂಡ್ರೆ ಜನ ಏನಂತಾರೆ?"

"ನನ್ನ ಹೆಸರು ಹೇಳೇ. ಮುದುಕ ಗುಡಿಸೋಕೆ ಬಿಡಲ್ಲ ಅನ್ನು."

"ಅದನ್ನ ನಂಬ್ತಾರೆ ಬಿಡಿ" ಎಂದಳು. ಮರುದಿನದಿಂದ ಪೊರಕೆ ಪಾತಿಯ ಅಂಚಿಗೆ ನಿಂತಿತು. ಗುಡಿಸಿದ ಎಲೆ ಮಾತ್ರ ಅವಳಿಗರಿವಿಲ್ಲದಂತೆ ಪಾತಿಗೇ ಬಂದು ಬೀಳತೊಡಗಿತು.

ಮಳೆ ಹಿಡಿಯಿತು. ಕಡ್ಡಿ ಒಣಗಲೂ ಇಲ್ಲ, ಚಿಗುರಲೂ ಇಲ್ಲ. ಒಂದು ಬೆಳಿಗ್ಗೆ ಎಲೆ ಸರಿಸಿ ನೋಡಿದರೆ ಕಾಳಿನಷ್ಟು ಹಸಿರು ಕಣ್ಣು. ಬುಡದಲ್ಲಿ, ಕೆಂಪೂ ಅಲ್ಲದ ಕಪ್ಪೂ ಅಲ್ಲದ ಮಣ್ಣಿನೊಳಗೆ, ಎರೆಹುಳವೊಂದು ನಿಧಾನವಾಗಿ ದಾರಿ ಮಾಡುತ್ತಿತ್ತು. ಕೂಗಿ ಕರೆದೆ.

"ಹಾಲಿಟ್ಟು ಬಂದಿದ್ದೀನಿ, ಹುಳ ತೋರ್ಸೋಕೆ ಕರೆದ್ರಾ?" ಎಂದು ಬೈಯುತ್ತಲೇ ಬಂದವಳ ಕಣ್ಣು ಚಿಗುರಿನ ಮೇಲೆ ಬಿತ್ತು. ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ನನಗಿಂತ ಹೆಚ್ಚು ಹೊತ್ತು ನೋಡಿದಳು. "ಮೆಲ್ಲಗೆ ಮುಚ್ಚಿ. ಬಿಸಿಲು ತಾಗೀತು" ಎಂದಳು. ಅವಳ ದನಿಯಲ್ಲಿ ನನ್ನ ಮೇಲಿನ ಸಿಟ್ಟು ಎಷ್ಟು ಹುಡುಕಿದರೂ ಸಿಗಲಿಲ್ಲ.

ಒಳಗಿನಿಂದ ಸೀದ ವಾಸನೆ ಬಂತು. ಹಾಲೆಲ್ಲ ಉಕ್ಕಿ ಒಲೆಯ ಮೇಲೆ ಹರಿದಿತ್ತು. ಜಯಮ್ಮ ಪೇಚಾಡಿಕೊಂಡಳು. ನಾನು ಸಮಾಧಾನ ಮಾಡಿದೆ: ಪಾತಿಯಲ್ಲಿ ಹೊಸಮನೆಗೆ ಬಂದವರಿದ್ದಾರೆ, ಹಾಲುಕ್ಕಿಸದೆ ಒಕ್ಕಲಾಗುವುದುಂಟೇ?